ಶಬ್ದವಿಲ್ಲದ ನಾಲ್ಕು ನಿಮಿಷ ಏಳು ಸೆಕೆಂಡು

ಬಂದರಿನ ಮುಖ್ಯ ವೈದ್ಯಾಧಿಕಾರಿಗಳಾದ ಮಾನ್ಯರೇ,

ನೀವು ನನ್ನನ್ನು ಒಮ್ಮೆಯೂ ನೋಡಿಲ್ಲ. ನನ್ನ ನಾಡಿ ಹಿಡಿದಿಲ್ಲ, ನಾಲಿಗೆ ಚಾಚು ಎಂದಿಲ್ಲ, ಊಟ ಸೇರುತ್ತದೆಯೇ, ನಿದ್ದೆ ಬರುತ್ತದೆಯೇ ಎಂದು ಕೇಳಿಲ್ಲ. ಆದರೂ ಹನ್ನೊಂದು ತಿಂಗಳ ಹಿಂದೆ, ನಾನು ‘ಎತ್ತರದ ಕೆಲಸಕ್ಕೆ ಮಾನಸಿಕವಾಗಿ ಅನರ್ಹಳು’ ಎಂದು ಟೈಪಿಸಿದ್ದ ಹಾಳೆಯ ಕೆಳಗೆ ಹಸಿರು ಶಾಯಿಯಲ್ಲಿ ಸಹಿ ಹಾಕಿದಿರಿ. ಆ ಸಹಿಯಿಂದಾಗಿ ನಲವತ್ತು ಮೀಟರ್ ಎತ್ತರದ ಕ್ರೇನಿನಲ್ಲಿದ್ದವಳು ಆಡಳಿತ ಕಚೇರಿಯ ಮೆಟ್ಟಿಲ ಕೆಳಗಿನ ಹೆಲ್ಮೆಟ್ ಕೊಠಡಿಗೆ ಇಳಿದೆ. ಬರುವ ಸೋಮವಾರದೊಳಗೆ ನಾನೊಂದು ಸುಳ್ಳಿಗೆ ಸಹಿ ಹಾಕಬೇಕಂತೆ. ಹಾಕಿದರೆ ಮರುದಿನವೇ ಕ್ರೇನು ವಾಪಸ್ಸು, ಹಾಕದಿದ್ದರೆ ಈ ಕೊಠಡಿಯೇ ಖಾಯಂ. ಈ ಬಗ್ಗೆ ನಿಮಗೆ ಮೂರು ಪತ್ರ ಬರೆದೆ. ಯಾವ ಸುರಕ್ಷತಾ ಅಧಿಕಾರಿಯ ಮೇಲೆ ದೂರು ಕೊಟ್ಟಿದ್ದೆನೋ, ಮೂರನ್ನೂ ‘ಸೂಕ್ತ ಕ್ರಮಕ್ಕಾಗಿ’ ಎಂಬ ಮೊಹರು ಒತ್ತಿ ಅದೇ ಅಧಿಕಾರಿಗೆ ಕಳಿಸಿದಿರಿ. ಅವರು ಪಾಪ, ಮೂರಕ್ಕೂ ಒಂದು ಪಿನ್ನು ಚುಚ್ಚಿ, ನಗುನಗುತ್ತಾ ನನಗೇ ತಂದುಕೊಟ್ಟರು. ಹಾಗಾಗಿ ಈ ಸಲ ಪತ್ರಿಕೆಗೆ ಬರೆಯುತ್ತಿದ್ದೇನೆ. ಬೆಳಗಿನ ಪತ್ರಿಕೆಯನ್ನಾದರೂ ನೀವೇ ಓದುತ್ತೀರಿ ಎಂದುಕೊಂಡಿದ್ದೇನೆ.

ನಾನು ಹದಿನೇಳು ವರ್ಷ ಹಡಗಿನಿಂದ ಕಂಟೇನರ್ ಇಳಿಸುವ ಕ್ರೇನ್ ಓಡಿಸಿದವಳು. ಕೆಲಸ ಹೇಗಿರುತ್ತದೆಂದು ನೀವು ಮೇಲೆ ಹತ್ತಿ ನೋಡಿಲ್ಲವಾದ್ದರಿಂದ ಹೇಳುತ್ತೇನೆ. ಬಚ್ಚಲುಮನೆಯಷ್ಟು ದೊಡ್ಡ ಗಾಜಿನ ಕ್ಯಾಬಿನ್ನು, ಕಾಲಡಿಯಲ್ಲೂ ಗಾಜೇ. ಕತ್ತು ಬಗ್ಗಿಸಿ ಎರಡು ಪಾದಗಳ ನಡುವಿನಿಂದ ಕೆಳಗೆ ನೋಡುತ್ತಾ, ಕೋಣೆಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆಯ ನಾಲ್ಕು ಮೂಲೆಗೂ ಕೊಕ್ಕೆ ಕೂರಿಸಿ, ಎತ್ತಿ, ತೂಗಾಡದಂತೆ ತಂದು, ಕೆಳಗಿರುವ ಲಾರಿಯ ಮೇಲೆ ಮೆತ್ತಗೆ ಇಡಬೇಕು. ಗಂಟೆಗೆ ಇಪ್ಪತ್ತೆಂಟು ಪೆಟ್ಟಿಗೆ. ಕೆಳಗೆ ಕೈಸನ್ನೆ ಮಾಡುವವರು, ಕೊಕ್ಕೆ ನೋಡುವವರು, ಲಾರಿಯವರು, ಎಲ್ಲರೂ ಕಡಲೆಕಾಳಿನಷ್ಟೇ ಕಾಣಿಸುತ್ತಾರೆ. ಆ ಒಂದೊಂದು ಕಾಳೂ ಒಬ್ಬರ ಮನೆಯ ಗಂಡನೋ ಅಪ್ಪನೋ ಎಂಬುದನ್ನು ಮರೆಯದೆ ಇರುವುದೇ ನಮ್ಮ ಕಸುಬು. ಹದಿನೇಳು ವರ್ಷದಲ್ಲಿ ನನ್ನಿಂದ ಒಬ್ಬರ ಬೆರಳೂ ಜಜ್ಜಿಲ್ಲ.

ಇನ್ನೊಂದು ವಿಷಯವನ್ನೂ ಈಗಲೇ ಒಪ್ಪಿಕೊಂಡುಬಿಡುತ್ತೇನೆ, ಹೇಗೂ ನಿಮ್ಮ ಕಡತದಲ್ಲಿದೆ. ನಾನು ರಾಕ್ ಸಂಗೀತದ ಹುಚ್ಚಿ. ಈ ಪದವನ್ನು ನಾನು ಬಳಸಬಹುದು, ನೀವು ಬಳಸುವಂತಿಲ್ಲ. ಹದಿನೆಂಟನೇ ವಯಸ್ಸಿನಲ್ಲಿ ಗೆಳತಿಯ ಅಣ್ಣನ ಹಳೇ ಕ್ಯಾಸೆಟ್ಟಿನಿಂದ ಅಂಟಿಕೊಂಡದ್ದು, ಇಪ್ಪತ್ತಾರು ವರ್ಷವಾಯಿತು, ಬಿಟ್ಟಿಲ್ಲ. ನಾಲ್ಕು ಜನರ ಒಂದು ತಂಡ. ಈಗ ನಾಲ್ವರೂ ತಲೆ ನರೆತ ಅಜ್ಜಂದಿರು. ಅವರ ಯಾವ ಕಾರ್ಯಕ್ರಮದಲ್ಲಿ ಡ್ರಮ್ಮಿನವನ ಕೋಲು ಕೈಜಾರಿತು, ಯಾವ ಧ್ವನಿಮುದ್ರಣದಲ್ಲಿ ಹಾಡು ಶುರುವಾಗುವ ಮುನ್ನ ಯಾರೋ ಕೆಮ್ಮುತ್ತಾರೆ, ಎಲ್ಲವೂ ನನಗೆ ಬಾಯಿಪಾಠ. ಅವರನ್ನು ಒಮ್ಮೆ ಕಣ್ಣಾರೆ ನೋಡಲು ಹತ್ತೊಂಬತ್ತು ಗಂಟೆ ರೈಲಿನಲ್ಲಿ ಹೋಗಿ, ಅಷ್ಟೇ ಹೊತ್ತು ವಾಪಸ್ಸು ಬಂದು, ಮೂರು ದಿನ ವಾಕಿಟಾಕಿಯಲ್ಲಿ ಕಪ್ಪೆಯ ದನಿಯಲ್ಲಿ ಮಾತಾಡಿದವಳು ನಾನು. ಅವರ ಚಿತ್ರವಿದ್ದ ನನ್ನ ಅಂಗಿಯನ್ನು ಅಮ್ಮ ನೆಲ ಒರೆಸಲು ಹಾಕಿದಾಗ ವಾರವಿಡೀ ಅಮ್ಮನ ಜೊತೆ ಮಾತು ಬಿಟ್ಟಿದ್ದೆ. ಬಂದರಿನವರು ನನಗಿಟ್ಟ ಅಡ್ಡಹೆಸರು ‘ಗುಡುಗಮ್ಮ’. ಹೆಸರಿಟ್ಟವರಾರಿಗೂ ನನ್ನ ತಲೆ ಕೆಟ್ಟಿದೆ ಎಂದು ಅನ್ನಿಸಿರಲಿಲ್ಲ. ಕೆಲಸದ ಹೊತ್ತಿನಲ್ಲಿ ನಾನೆಂದೂ ಹಾಡು ಕೇಳಿದವಳಲ್ಲ. ಊಟದ ಬಿಡುವಿನಲ್ಲಿ, ಕ್ರೇನ್ ಆರಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ ಮೇಲೆಯೇ ಹೆಡ್‌ಫೋನು.

ಎರಡು ವರ್ಷದ ಕೆಳಗೆ ನನಗೆ ಕಾಯಿಲೆ ಬಂತು. ಖಿನ್ನತೆ. ಹೆಸರು ಹೇಳಲು ನನಗೇನೂ ನಾಚಿಕೆಯಿಲ್ಲ, ನಾಲಿಗೆಯೂ ತೊದಲುವುದಿಲ್ಲ. ಅದು ಕೂಗಾಡುತ್ತಾ, ತಲೆ ಕೆದರಿಕೊಂಡು ಬರುತ್ತದೆ ಎಂದು ನಿಮ್ಮ ಇಲಾಖೆ ನಂಬಿದೆ. ನನ್ನ ಮನೆಗೆ ಅದು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಸದ್ದಿಲ್ಲದೆ ಬಂತು. ಮೊದಲು ಹೋದದ್ದು ಹಾಡು. ಒಂದು ಮಧ್ಯಾಹ್ನ ಹೆಡ್‌ಫೋನ್ ಹಾಕಿಕೊಂಡರೆ ಅದೇ ಗಿಟಾರು, ಅದೇ ಡ್ರಮ್ಮು, ಪಕ್ಕದ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿರುವ ಹಾಗೆ ಕೇಳಿಸಿತು. ಹೆಡ್‌ಫೋನ್ ಕೆಟ್ಟಿರಬೇಕು ಎಂದು ಹೊಸದು ತಂದೆ. ಅದೂ ಹಾಗೇ. ಆಮೇಲೆ ಊಟದ ರುಚಿ ಹೋಯಿತು, ಆಮೇಲೆ ಸಿಟ್ಟೂ ಹೋಯಿತು. ನನಗೆ ಸಿಟ್ಟು ಬರುವುದಿಲ್ಲ ಎಂದರೆ ನನ್ನನ್ನು ಬಲ್ಲವರು ಆಂಬುಲೆನ್ಸ್ ಕರೆಯಬೇಕಿತ್ತು. ಐದು ತಿಂಗಳು ಹೀಗೇ ಇದ್ದರೂ ಕೆಲಸ ಮಾತ್ರ ಮಾಡುತ್ತಿದ್ದೆ. ಬಿಡುವಿನಲ್ಲಿ ಕ್ರೇನ್ ಆರಿಸಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅರ್ಧ ಗಂಟೆ ಅಲ್ಲಾಡದೆ ಕೂರುತ್ತಿದ್ದೆ. ಕ್ಯಾಬಿನ್ನಿನ ಬಾಗಿಲನ್ನು ಆಗ ಎಷ್ಟು ಸಲ ನೋಡಿದೆ, ನೋಡುತ್ತಾ ಏನು ಯೋಚಿಸಿದೆ ಎಂಬುದನ್ನು ನನ್ನ ವೈದ್ಯೆಗೆ ಹೇಳಿದ್ದೇನೆ. ಪತ್ರಿಕೆಯಲ್ಲಿ ಹೇಳುವುದಿಲ್ಲ.

ಕ್ಯಾಬಿನ್ನಿನಲ್ಲಿ ನಿಮ್ಮ ಇಲಾಖೆಯದೇ ಕ್ಯಾಮೆರಾ ಇದೆ. ಆ ಐದು ತಿಂಗಳೂ ಅದು ನನ್ನನ್ನು ನೋಡುತ್ತಲೇ ಇತ್ತು. ಅದಕ್ಕೆ ಏನೂ ಕಾಣಿಸಲಿಲ್ಲ. ಕಾಣಿಸದಿದ್ದರೆ ಹೋಗಲಿ, ಅದೇ ದಿನಗಳಲ್ಲಿ ನನಗೆ ಒಂದು ಪ್ರಶಂಸಾ ಪತ್ರ ಬಂತು. ‘ಶಾಂತಚಿತ್ತದ, ಶಿಸ್ತಿನ ಚಾಲಕಿ’ ಎಂದು ಅದರಲ್ಲಿ ಬರೆದಿತ್ತು. ಅದನ್ನು ಓದಿ ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಕಾಯಿಲೆಯ ಲಕ್ಷಣವೇ ಅದಾಗಿತ್ತು ಸ್ವಾಮಿ.

ನನ್ನನ್ನು ಹಿಡಿದವಳು ಅಮ್ಮ. ಇಪ್ಪತ್ತಾರು ವರ್ಷ ‘ಆ ತಲೆಚಿಟ್ಟು ನಿಲ್ಲಿಸ್ತೀಯೋ ಇಲ್ವೋ’ ಎಂದು ಬೈದವಳು, ಒಂದು ಭಾನುವಾರ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ನನ್ನ ಮುಂದೆ ನಿಂತಳು. ‘ಏನೇ, ಎಷ್ಟು ದಿನ ಆಯ್ತು ಈ ಮನೇಲಿ ಸದ್ದು ಕೇಳಿ? ಸ್ಮಶಾನ ಆಗೋಗಿದೆ. ಆ ದರಿದ್ರ ಹಾಡನ್ನಾದ್ರೂ ಹಾಕೇ.’ ನಾನು ಎದ್ದು ಹಾಕಲಿಲ್ಲ. ಅಮ್ಮನೇ ಹೋಗಿ, ಯಾವ ಗುಂಡಿ ಒತ್ತಬೇಕೆಂದು ತಿಳಿಯದೆ ನಾಲ್ಕೂ ಒತ್ತಿ, ಹೇಗೋ ಶುರು ಮಾಡಿ, ನನ್ನ ಮುಖವನ್ನೇ ನೋಡುತ್ತಾ ಕೂತಳು. ನನ್ನ ಮುಖದಲ್ಲಿ ಏನೂ ಆಗಲಿಲ್ಲ. ಅಮ್ಮ ಸೆರಗಿಗೆ ಕಣ್ಣೊರೆಸಿಕೊಂಡು, ‘ನಡಿ, ಡಾಕ್ಟ್ರ ಹತ್ರ ಹೋಗೋಣ. ಯಾರಾದ್ರೂ ಕೇಳಿದ್ರೆ ಥೈರಾಯ್ಡ್ ಅಂತ ಹೇಳೋಣ’ ಎಂದಳು.

ಮನೋವೈದ್ಯೆಯ ಕ್ಲಿನಿಕ್ಕು ಒಂದು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ನಾನು ಮೇಲೆ ಹೋದಾಗಲೆಲ್ಲ ಅಮ್ಮ ಕೆಳಗೆ ಅಂಗಡಿಯಲ್ಲಿ ಚಪ್ಪಲಿ ನೋಡುವವರಂತೆ ಕೂತಿರುತ್ತಿದ್ದಳು. ಪರಿಚಯದವರು ಕಂಡರೆ ಕಾರಣ ಬೇಕಲ್ಲ! ಅಂಗಡಿಯವನ ಮುಖ ನೋಡಲಾಗದೆ ಆ ವರ್ಷ ಬೇಡದ ನಾಲ್ಕು ಜೊತೆ ಚಪ್ಪಲಿ ಕೊಂಡಳು. ನಾನು ಅಮ್ಮನನ್ನು ಆಡಿಕೊಳ್ಳುತ್ತಿಲ್ಲ. ಓದು ಬರಹ ಅಷ್ಟಕ್ಕಷ್ಟೇ ಇರುವ ಎಪ್ಪತ್ತರ ಹೆಂಗಸು ತನ್ನ ಹೆದರಿಕೆಯನ್ನು ಚಪ್ಪಲಿಯ ಡಬ್ಬಿಯಲ್ಲಿ ಮುಚ್ಚಿಟ್ಟು ಮಗಳನ್ನು ಉಳಿಸಿಕೊಂಡಳು. ನಿಮ್ಮ ಗೋಡೆಯ ಮೇಲೆ ಮೂರು ಪದವಿಗಳಿವೆಯಂತೆ. ನೀವು ಯಾರನ್ನು ಉಳಿಸಿದಿರಿ?

ಮೂರು ತಿಂಗಳ ರಜೆ ಬೇಕೆಂದು ವೈದ್ಯೆ ಬರೆದುಕೊಟ್ಟರು. ಚೀಟಿ ಹಿಡಿದು ರಜೆಯ ಗುಮಾಸ್ತರ ಬಳಿ ಹೋದರೆ, ಅವರು ಓದಿ, ಅತ್ತಿತ್ತ ನೋಡಿ, ದನಿ ತಗ್ಗಿಸಿದರು. ‘ಖಿನ್ನತೆ ಅಂತ ಬರೆದ್ರೆ ಫೈಲು ಮೇಲಕ್ಕೆ ಹೋಗುತ್ತೆ ಮೇಡಂ. ಸುಮ್ನೆ ತಲೆನೋವು. ಬೆನ್ನುನೋವು ಅಂತ ಹಾಕ್ಲಾ? ಎಲ್ರೂ ಹಾಗೇ ಹಾಕಿಸ್ಕೋತಾರೆ.’ ನನಗೆ ಆಗ ಬೇಡ ಎನ್ನುವಷ್ಟು ತ್ರಾಣವಿರಲಿಲ್ಲ. ಹ್ಞೂಂ ಎಂದೆ. ಮೂರು ತಿಂಗಳು ಮಲಗಿದೆ, ಮಾತ್ರೆ ನುಂಗಿದೆ, ನಡೆದೆ, ವಾರಕ್ಕೊಮ್ಮೆ ಚಪ್ಪಲಿ ಅಂಗಡಿಯ ಮೆಟ್ಟಿಲು ಹತ್ತಿದೆ. ಮೆಲ್ಲಮೆಲ್ಲಗೆ ಗುಣವಾಯಿತು. ‘ಕ್ರೇನ್ ಓಡಿಸಲು ಯೋಗ್ಯಳು’ ಎಂದು ವೈದ್ಯೆ ಬರೆದುಕೊಟ್ಟ ಮೇಲೆಯೇ ವಾಪಸ್ಸು ಬಂದೆ. ಐದು ವಾರ ಕೆಲಸ ಮಾಡಿದೆ, ಗಂಟೆಗೆ ಇಪ್ಪತ್ತೆಂಟೇ. ಹಾಡು ಮಾತ್ರ ಇನ್ನೂ ಬಂದಿರಲಿಲ್ಲ. ಬರುತ್ತೆ, ಅವಸರ ಬೇಡ ಎಂದಿದ್ದರು ವೈದ್ಯೆ.

ಆರನೇ ವಾರ ಬಂತು ನಿಮ್ಮ ವಾರ್ಷಿಕ ಆರೋಗ್ಯ ನಮೂನೆ. ಅದರ ಹದಿನಾಲ್ಕನೇ ಕಾಲಂ ನಿಮಗೆ ನೆನಪಿದೆಯೋ ಇಲ್ಲವೋ, ನಾನೇ ಬರೆಯುತ್ತೇನೆ: ‘ಹುಚ್ಚು, ಅಪಸ್ಮಾರ, ಮದ್ಯವ್ಯಸನ ಅಥವಾ ಇತರೆ ಮಾನಸಿಕ ದೌರ್ಬಲ್ಯ ಎಂದಾದರೂ ಇತ್ತೇ? ಹೌದು/ಇಲ್ಲ.’ ಇದನ್ನು ನಮ್ಮಲ್ಲಿ ಹೇಗೆ ತುಂಬುತ್ತಾರೆ ಎಂಬುದು ನಿಮಗೆ ಗೊತ್ತಿರಲಾರದು. ಪಾಳಿ ಗುಮಾಸ್ತರು ಹಿಂದಿನ ಮಧ್ಯಾಹ್ನವೇ ಇನ್ನೂರ ಹನ್ನೆರಡು ನಮೂನೆಗಳನ್ನು ಮುಂದಿಟ್ಟುಕೊಂಡು, ಚಹಾ ಕುಡಿಯುತ್ತಾ, ಹದಿನಾಲ್ಕನೇ ಕಾಲಮ್ಮಿನಲ್ಲಿ ‘ಇಲ್ಲ’ ಎಂಬುದಕ್ಕೆ ಸಾಲಾಗಿ ಟಿಕ್ ಹಾಕಿಟ್ಟುಬಿಡುತ್ತಾರೆ. ಬೆಳಿಗ್ಗೆ ನಾವು ಹೋಗಿ ಅವರ ಬೆರಳು ತೋರಿಸಿದ ಕಡೆ ಸಹಿ ಹಾಕಿ ಬರುತ್ತೇವೆ. ನಿಮ್ಮ ಬಂದರಿನ ಮಾನಸಿಕ ಆರೋಗ್ಯ ಎಂದರೆ ಒಬ್ಬ ಗುಮಾಸ್ತರ ಒಂದು ಮಧ್ಯಾಹ್ನದ ಕೈಕೆಲಸ.

ನಾನು ಸಹಿ ಹಾಕುವ ಮುನ್ನ ಓದುವ ಕೆಟ್ಟ ಚಾಳಿಯವಳು. ಕೊನೆಯಲ್ಲಿ ‘ಮೇಲಿನ ವಿವರಗಳೆಲ್ಲ ಸತ್ಯವೆಂದು ಪ್ರಮಾಣೀಕರಿಸುತ್ತೇನೆ’ ಎಂದಿತ್ತು. ಬೆನ್ನುನೋವು ಎಂದು ಒಮ್ಮೆ ಸುಳ್ಳು ಹೇಳಿ ಮನಸ್ಸು ಕಚ್ಚುತ್ತಿತ್ತು. ಗುಮಾಸ್ತರ ಟಿಕ್ಕನ್ನು ಹೊಡೆದುಹಾಕಿ ‘ಹೌದು’ ಎಂಬುದಕ್ಕೆ ಹಾಕಿದೆ. ಪಕ್ಕದಲ್ಲಿ ‘ಚಿಕಿತ್ಸೆ ಪಡೆದಿದ್ದೇನೆ, ಪಡೆಯುತ್ತಿದ್ದೇನೆ, ಈಗ ಚೆನ್ನಾಗಿದ್ದೇನೆ’ ಎಂದೂ ಬರೆದೆ. ಗುಮಾಸ್ತರು ಹೌಹಾರಿದರು. ‘ಅಯ್ಯೋ, ಏನ್ ಮಾಡಿಬಿಟ್ರಿ ಮೇಡಂ! ಅದು ಸುಮ್ನೆ ಫಾರ್ಮಾಲಿಟಿ. ಬೇರೆ ಫಾರಂ ಕೊಡ್ಲಾ?’ ‘ಬೇಡ, ಇದೇ ಇರಲಿ’ ಎಂದೆ. ನನ್ನ ಬುದ್ಧಿ ನೋಡಿ!

ಅಂದಿನಿಂದ ನನ್ನ ಕ್ಯಾಬಿನ್ನಿನ ಕ್ಯಾಮೆರಾವನ್ನು ಸುರಕ್ಷತಾ ಅಧಿಕಾರಿಗಳು ಖುದ್ದಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡತೊಡಗಿದರು. ಒಂಬತ್ತನೇ ದಿನ ಅವರಿಗೆ ಬೇಕಾದದ್ದು ಸಿಕ್ಕಿತು. ವರದಿಯನ್ನು ಅವರದೇ ಮಾತಿನಲ್ಲಿ ಕೊಡುತ್ತೇನೆ: ‘ಮಧ್ಯಾಹ್ನ ೧.೧೨ರಿಂದ ಸದರಿ ಚಾಲಕಿಯು ಯಾವುದೇ ಕಾರಣವಿಲ್ಲದೆ ತಲೆಯನ್ನು ಮೇಲಕ್ಕೂ ಕೆಳಕ್ಕೂ ರಭಸದಿಂದ ಆಡಿಸುತ್ತಿದ್ದು, ಕೂದಲು ಕೆದರಿದ್ದು, ಬಾಯಿ ತೆರೆದು ಅರಚುತ್ತಿರುವಂತೆ ಕಂಡುಬಂದು, ಅಂಗೈಗಳಿಂದ ಮೊಣಕಾಲುಗಳನ್ನು ಬಡಿದುಕೊಂಡಿರುತ್ತಾರೆ. ಕೊನೆಯಲ್ಲಿ ಅತ್ತಿರುತ್ತಾರೆ. ಸದರಿ ಸ್ಥಿತಿಯು ೪ ನಿಮಿಷ ೭ ಸೆಕೆಂಡುಗಳ ಕಾಲ ಮುಂದುವರಿದಿರುತ್ತದೆ.’ ಮೂರು ಗಂಟೆಗೆ ನನ್ನನ್ನು ಕೆಳಗಿಳಿಸಿದರು. ನಾಲ್ಕು ಗಂಟೆಗೆ ನಿಮ್ಮ ಹಸಿರು ಶಾಯಿ ಬಿತ್ತು.

ಆ ಕ್ಯಾಮೆರಾಕ್ಕೆ ಕಣ್ಣಿದೆ, ಕಿವಿಯಿಲ್ಲ. ನಿಮ್ಮ ಅಧಿಕಾರಿಗೆ ಎರಡೂ ಇವೆ, ಆದರೆ ಬಂದು ‘ಏನಮ್ಮಾ ಅದು’ ಎಂದು ಕೇಳಲು ಬಾಯಿ ಬರಲಿಲ್ಲ. ನಾಲ್ಕು ನಿಮಿಷ ಏಳು ಸೆಕೆಂಡಿಗೆ, ಒಂದು ಚಣ ಹೆಚ್ಚಿಲ್ಲ ಕಡಿಮೆಯಿಲ್ಲ, ತಾನಾಗಿ ಶುರುವಾಗಿ ತಾನಾಗಿ ನಿಲ್ಲುವ ಉನ್ಮಾದವನ್ನು ನೀವು ಓದಿದ ಯಾವ ವೈದ್ಯಶಾಸ್ತ್ರದಲ್ಲಿ ಬರೆದಿದೆ? ಅದು ಒಂದು ಹಾಡಿನ ಉದ್ದ. ನನ್ನ ಕಿವಿಯ ಮೇಲಿದ್ದ ಹೆಡ್‌ಫೋನ್ ವರದಿಯಲ್ಲಿ ಎಲ್ಲೂ ಇಲ್ಲ. ನನ್ನ ಆ ನಾಲ್ವರ ಹಾಡು. ಅವತ್ತು ಊಟ ಮುಗಿಸಿ, ಅಭ್ಯಾಸಬಲದಿಂದ ಹೆಡ್‌ಫೋನ್ ಏರಿಸಿ, ಏನೂ ನಿರೀಕ್ಷೆಯಿಲ್ಲದೆ ಕೂತಿದ್ದೆ. ಎರಡನೇ ಸಾಲಿಗೆ ಡ್ರಮ್ಮು ಬಂದು ಸೇರಿಕೊಳ್ಳುವ ಜಾಗದಲ್ಲಿ ನನ್ನ ಕಾಲು ತನ್ನಷ್ಟಕ್ಕೆ ತಾಳ ಹಾಕಿತು. ನಾನು ಕಾಲನ್ನೇ ನೋಡಿದೆ. ಆಮೇಲೆ ಕತ್ತು. ಆಮೇಲೆ ಇಡೀ ಮೈ. ಎಂಟು ತಿಂಗಳಾದ ಮೇಲೆ, ಅದರ ಮೇಲೆ ಇನ್ನೂ ಆರೇಳು ವಾರವಾದ ಮೇಲೆ, ಹಾಡು ನನಗೆ ಮತ್ತೆ ಹಾಡಾಗಿ ಕೇಳಿಸಿತು. ಜಡೆ ಬಿಚ್ಚಿಹೋಗುವಷ್ಟು ತಲೆ ಆಡಿಸಿದೆ, ಗಂಟಲು ಹರಿಯುವಷ್ಟು ಜೊತೆಗೆ ಹಾಡಿದೆ, ಮೊಣಕಾಲನ್ನೇ ಡ್ರಮ್ಮು ಮಾಡಿಕೊಂಡೆ. ಕೊನೆಯಲ್ಲಿ ಅತ್ತದ್ದೂ ನಿಜ. ಬದುಕಿದೆ ಅನ್ನಿಸಿ ಅತ್ತೆ. ನನಗೆ ಪೂರ್ತಿ ಗುಣವಾದ ಆ ನಾಲ್ಕು ನಿಮಿಷಗಳೇ ನನಗೆ ಹುಚ್ಚು ಎಂಬುದಕ್ಕೆ ನಿಮ್ಮ ಬಳಿ ಇರುವ ಏಕೈಕ ಸಾಕ್ಷಿ.

ಈಗ ನನ್ನ ಕೊಠಡಿಯ ಬಗ್ಗೆ ಹೇಳಬೇಕು, ಮೆಟ್ಟಿಲ ಮೇಲೆ ದಿನಾ ನೀವೇ ಓಡಾಡುತ್ತೀರಾದರೂ ಬಗ್ಗಿ ನೋಡಿರಲಾರಿರಿ. ಉದ್ದಕ್ಕೆ ಎಂಟು ಹೆಜ್ಜೆ, ಅಗಲಕ್ಕೆ ಐದು. ಹೊರಗಿನ ಗೋಡೆಗೆ ಕಿಟಕಿಯಿಲ್ಲ. ಅರ್ಧಬಾಗಿಲ ಮೇಲೊಂದು ಹಲಗೆ, ಅದರ ಮೇಲಿಂದ ಹೆಲ್ಮೆಟ್ಟು, ರೇಡಿಯಂ ಜಾಕೆಟ್ಟು ಕೊಡುವುದು, ಸಂಜೆ ವಾಪಸ್ಸು ಪಡೆಯುವುದು. ಸೂರು ಎಂದರೆ ನಿಮ್ಮ ಮೆಟ್ಟಿಲುಗಳ ಕೆಳಮೈ. ಯಾರು ಹತ್ತಿದರೂ ನನ್ನ ಚಹಾದ ಲೋಟಕ್ಕೆ ಧೂಳು ಉದುರುತ್ತದೆ. ಹಿಂದೆ ಇದು ಬಣ್ಣದ ಡಬ್ಬಿಗಳ ಕೋಣೆಯಾಗಿದ್ದರಿಂದ ಅಗುಳಿ ಹೊರಗಡೆಗಿದೆ. ಒಳಗೆ ಹಾಕಿಸಿಕೊಡಿ ಎಂದು ಕೇಳಿದ್ದಕ್ಕೆ, ‘ನಿಮ್ಮಂಥವರ ಕೋಣೆಗೆ ಒಳಗಿನಿಂದ ಅಗುಳಿ ಹಾಕುವಂತಿಲ್ಲ’ ಎಂಬ ಉತ್ತರ ಬಂತು. ಜಾಕೆಟ್ಟಿನ ಕಟ್ಟು ಬಿಚ್ಚಲು ಇದ್ದ ಕತ್ತರಿಯನ್ನು ಮೊದಲ ದಿನವೇ ತೆಗೆದುಕೊಂಡು ಹೋದರು, ಈಗ ಹಲ್ಲಿನಿಂದ ಬಿಚ್ಚುತ್ತೇನೆ. ಹೆಡ್‌ಫೋನನ್ನು ಈಗ ಎಲ್ಲರೂ ಗೇಟಿನಲ್ಲೇ ಒಪ್ಪಿಸಬೇಕು. ನನ್ನ ಕೈಯಿಂದ ಹೆಲ್ಮೆಟ್ ತೆಗೆದುಕೊಳ್ಳದೆ ಹಲಗೆಯ ಮೇಲಿಟ್ಟ ಮೇಲೆಯೇ ಎತ್ತಿಕೊಳ್ಳುವ ಗಂಡಸರಿದ್ದಾರೆ. ‘ಹೇಗಿದೀರಾ ಮೇಡಂ, ಆರಾಮಾ?’ ಎಂದು ಕಿವುಡರನ್ನು ಮಾತಾಡಿಸುವಂತೆ ಒಂದೊಂದೇ ಅಕ್ಷರ ಬಿಡಿಸಿ ಕೇಳುವ ದಯಾಳುಗಳೂ ಇದ್ದಾರೆ. ಯಾರು ಹೆಚ್ಚು ಹೊಟ್ಟೆ ಉರಿಸುತ್ತಾರೆ ಎಂದು ಹನ್ನೊಂದು ತಿಂಗಳಾದರೂ ತೀರ್ಮಾನಿಸಲು ಆಗಿಲ್ಲ. ಮೇಲಿದ್ದಾಗ ಸಮುದ್ರದ ಕೊನೆಯವರೆಗೆ ಕಾಣುತ್ತಿತ್ತು. ಈಗ ಹಲಗೆಯಾಚೆ ಎದುರು ಗೋಡೆ ಕಾಣುತ್ತದೆ. ಅದರಲ್ಲಿ ಎಷ್ಟು ಬಿರುಕಿದೆ ಎಂದು ಕೇಳಿ, ಹೇಳುತ್ತೇನೆ.

ಹೋದ ತಿಂಗಳು ಕೊನೆಗೂ ವಿಚಾರಣೆ ನಡೆಯಿತು. ನಾನು ಪುಟ್ಟ ಸ್ಪೀಕರ್ ತೆಗೆದುಕೊಂಡು ಹೋಗಿದ್ದೆ. ವಿಡಿಯೋ ಹಾಕಿ, ಜೊತೆಗೆ ಈ ಹಾಡನ್ನೂ ಹಾಕಿ, ಎರಡನ್ನೂ ಒಟ್ಟಿಗೆ ನೋಡಿ ಎಂದೆ. ‘ಹಾಡು ಕಡತದ ಭಾಗವಲ್ಲ’ ಎಂದರು ಸುರಕ್ಷತಾ ಅಧಿಕಾರಿ. ಮುಕ್ಕಾಲು ಗಂಟೆ ನಾನು ವಾದ ಮಾಡಿದ ಮೇಲೆ, ವಿಚಾರಣಾ ಸಮಿತಿಯವರು ಸಾಕಾಗಿ, ಹಾಳಾಗಿ ಹೋಗಲಿ ಹಾಕಿ ಎಂದರು. ಹಾಕಿದೆವು. ಡ್ರಮ್ಮು ಬಿದ್ದ ಕಡೆ ನನ್ನ ತಲೆ ಬಿದ್ದಿತು, ಗಾಯಕ ಕೂಗಿದ ಕಡೆ ನನ್ನ ಬಾಯಿ ತೆರೆಯಿತು, ಗಿಟಾರು ನಿಂತ ಕಡೆ ನಾನು ನಿಂತೆ. ಒಂದು ಏಟೂ ತಪ್ಪಲಿಲ್ಲ. ಟೈಪಿಸುತ್ತಿದ್ದ ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಸಮಿತಿಯ ಹಿರಿಯರೊಬ್ಬರ ಬೆರಳು ಮೇಜಿನ ಮೇಲೆ ತಾಳ ಹಾಕುತ್ತಿದ್ದದ್ದನ್ನು ಈ ಕಣ್ಣಾರೆ ನೋಡಿದ್ದೇನೆ. ಗೆದ್ದೆ ಎಂದುಕೊಂಡೆ, ಎದೆ ಹಗುರವಾಯಿತು.

ವಾರದ ಮೇಲೆ ತೀರ್ಮಾನ ಬಂತು. ‘ಇಂತಹ ಸಂಗೀತದ ಅಗತ್ಯ ಕಂಡುಬರುವ ವ್ಯಕ್ತಿಯ ಚಿತ್ತಸ್ವಾಸ್ಥ್ಯವೇ ಪ್ರಶ್ನಾರ್ಹ’ ಎಂಬುದು ಒಂದನೇ ಸಾಲು. ‘ಖಿನ್ನತೆಯಿತ್ತೆಂದು ಹೇಳಿಕೊಂಡವರು ಇಷ್ಟು ಉಲ್ಲಾಸದಿಂದ ಇರುವುದು ಸಂಶಯಾಸ್ಪದ’ ಎಂಬುದು ಎರಡನೇ ಸಾಲು. ‘ಬೆನ್ನುನೋವೆಂದು ರಜೆ ಪಡೆದು ಇಲಾಖೆಯನ್ನು ವಂಚಿಸಿರುತ್ತಾರೆ’ ಎಂಬುದು ಮೂರನೆಯದು. ಅಂದರೆ, ತಲೆ ಆಡಿಸಿದ್ದರಿಂದ ಹುಚ್ಚಿ, ಖುಷಿಪಟ್ಟಿದ್ದರಿಂದ ಠಕ್ಕಿ, ನಿಮ್ಮದೇ ಗುಮಾಸ್ತರ ಮಾತು ಕೇಳಿದ್ದರಿಂದ ವಂಚಕಿ. ನಾನು ಹೇಗಿದ್ದಿದ್ದರೆ ನಿಮಗೆ ಸರಿಹೋಗುತ್ತಿತ್ತು ಹೇಳಿ? ಇನ್ನು ಮುಂದೆ ಕಾಯಿಲೆ ಮರುಕಳಿಸುವುದೇ ಇಲ್ಲವೆಂದು ಪ್ರಮಾಣಪತ್ರ ತಂದರೆ ನೋಡೋಣ ಎಂದರು. ನನ್ನ ವೈದ್ಯೆ ನಕ್ಕುಬಿಟ್ಟರು. ‘ನಿಮ್ಮ ಮುಖ್ಯ ವೈದ್ಯಾಧಿಕಾರಿಗಳಿಗೆ ಮುಂದೆಂದೂ ನೆಗಡಿ ಆಗಲ್ಲ ಅಂತ ಯಾರಾದ್ರೂ ಬರೆದುಕೊಡ್ತಾರಾ ಕೇಳಿ’ ಎಂದರು. ಕೇಳುತ್ತಿದ್ದೇನೆ. ಮಾತ್ರೆ ತೆಗೆದುಕೊಂಡರೆ ‘ಇನ್ನೂ ಚಿಕಿತ್ಸೆಯಲ್ಲಿದ್ದಾರೆ’, ಬಿಟ್ಟರೆ ‘ಚಿಕಿತ್ಸೆ ಪಡೆಯುತ್ತಿಲ್ಲ’. ಯಾವ ಕಡೆ ತಿರುಗಿದರೂ ಗೋಡೆಯೇ ಹಣೆಗೆ ಬಡಿಯುತ್ತದೆ.

ಇಷ್ಟಾದ ಮೇಲೆ ಸುರಕ್ಷತಾ ಅಧಿಕಾರಿ ಒಂದು ಸಂಜೆ ಅರ್ಧಬಾಗಿಲಿಗೆ ಮೊಣಕೈ ಊರಿ ನಿಂತು, ಅಣ್ಣನಂತೆ ಮಾತಾಡಿದರು. ‘ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ ಮೇಡಂ. ಕೈತಪ್ಪಿ ಟಿಕ್ ಬಿತ್ತು, ನನಗೆ ಯಾವತ್ತೂ ಅಂಥ ಕಾಯಿಲೆ ಇರ್ಲಿಲ್ಲ, ಯಾವ ಮಾತ್ರೇನೂ ತಗೊಳ್ತಿಲ್ಲ, ಆ ಥರದ ಹಾಡು ಇನ್ಮೇಲೆ ಕೇಳಲ್ಲ ಅಂತ ಬರ್ಕೊಡಿ. ಬರ್ಕೊಟ್ಟ ಮಾರನೇ ದಿನಾನೇ ಮೇಲೆ ಹತ್ತಿ. ಯಾರಿಗೆ ಬೇಕು ಈ ರಗಳೆ?’ ಹಾಳೆಯನ್ನೂ ಟೈಪು ಮಾಡಿಸಿ ತಂದಿದ್ದರು. ಸತ್ಯ ಹೇಳಿದವಳು ನೆಲದ ಮೇಲೂ ನಂಬಿಕೆಗೆ ಅರ್ಹಳಲ್ಲ, ಸುಳ್ಳು ಹೇಳಿದರೆ ನಲವತ್ತು ಟನ್ ಎತ್ತಲು ಅರ್ಹಳು. ಇದಕ್ಕೆ ಸುರಕ್ಷತೆ ಎಂದು ಹೆಸರು.

ನಿಜ ಹೇಳುತ್ತೇನೆ, ಸಹಿ ಹಾಕಿಬಿಡೋಣ ಅನ್ನಿಸಿತು. ಈ ಕೋಣೆಯಲ್ಲಿ ಹನ್ನೊಂದು ತಿಂಗಳು ಕೂತು ನೋಡಿ, ನಿಮಗೂ ಅನ್ನಿಸುತ್ತದೆ. ಹಾಳೆಯನ್ನು ಜಾಕೆಟ್ಟುಗಳ ನಡುವೆ ಮಡಿಸಿಟ್ಟೆ. ಅದು ಇನ್ನೂ ಅಲ್ಲೇ ಇದೆ.

ಆದರೆ ಹೋದ ವಾರ ನನ್ನ ಹಲಗೆಯ ಮುಂದೆ ಒಬ್ಬ ಗೆಳೆಯ ಬಂದು ನಿಂತ. ನಿಮ್ಮ ಇನ್ನೂರ ಹನ್ನೊಂದು ‘ಇಲ್ಲ’ಗಳಲ್ಲಿ ಒಬ್ಬ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ‘ಬರಿ, ಆದ್ರೆ ನನ್ನ ಗುರುತು ಸಿಕ್ಕಿದ್ರೆ ನಿನ್ನ ಮುಖ ನೋಡಲ್ಲ’ ಎಂದಿದ್ದಾನೆ. ಹಾಗಾಗಿ ಅವನ ಎತ್ತರ, ಪಾಳಿ, ಓಡಿಸುವ ಯಂತ್ರ ಯಾವುದನ್ನೂ ಹೇಳುವುದಿಲ್ಲ, ಗಂಡೋ ಹೆಣ್ಣೋ ಎಂಬುದನ್ನೂ ನಂಬಬೇಡಿ. ಇಷ್ಟು ಮಾತ್ರ ನಿಜ: ಹದಿನಾಲ್ಕು ವರ್ಷದಿಂದ ನಾವಿಬ್ಬರೂ ಆ ತಂಡದ ಮೊದಲ ಡ್ರಮ್ಮಿನವನು ಹೆಚ್ಚೋ ಎರಡನೆಯವನು ಹೆಚ್ಚೋ ಎಂದು ಜಗಳವಾಡುತ್ತಾ ಬಂದವರು. ಅವನು ತನ್ನ ಹೆಡ್‌ಫೋನನ್ನು ಹೇಗೋ ಗೇಟು ದಾಟಿಸಿ ತಂದು ಹಲಗೆಯ ಮೇಲಿಟ್ಟ.

‘ಇಟ್ಕೋ. ನನಗ್ಯಾಕೋ ಏನೂ ಕೇಳ್ಬೇಕು ಅನ್ಸಲ್ಲ ಈಗ.’

‘ಯಾವಾಗಿಂದ?’ ಎಂದೆ.

‘ಗೊತ್ತಿಲ್ಲ ಕಣೆ. ಎಲ್ಲಾ ಒಂದೇ ಥರ ಕೇಳುತ್ತೆ. ಎರಡನೇ ಡ್ರಮ್ಮಿನವನೇ ಹೆಚ್ಚು ಅಂತ ಒಪ್ಕೊಂಡ್ಬಿಡ್ತೀನಿ, ಹೋಗ್ಲಿ.’

ಹದಿನಾಲ್ಕು ವರ್ಷದ ಜಗಳವನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಟ್ಟದ್ದು ಕೇಳಿ, ಹಲಗೆಯಾಚೆಗೆ ಕೈ ಚಾಚಿ ಅವನ ತೋಳು ಹಿಡಿದೆ. ‘ಬಾ, ನನ್ನ ಡಾಕ್ಟ್ರ ಹತ್ರ ಹೋಗೋಣ. ನಾನೇ ಕರ್ಕೊಂಡ್ ಹೋಗ್ತೀನಿ, ಇವತ್ತೇ’ ಎಂದೆ. ಅವನು ಅರ್ಧಬಾಗಿಲಿನ ಮೇಲಿಂದ ಬಗ್ಗಿ, ನನ್ನ ಕೋಣೆಯನ್ನು ಸೂರಿನಿಂದ ನೆಲದವರೆಗೆ ನಿಧಾನವಾಗಿ ನೋಡಿದ. ‘ಇಲ್ಲಿ ಇನ್ನೊಂದು ಕುರ್ಚಿ ಹಿಡಿಸುತ್ತಾ?’ ಎಂದು ಕೇಳಿದ.

ಅದಾದ ಎರಡು ದಿನಕ್ಕೆ ಕೆಳಗಿನವರ ಕೈಸನ್ನೆಯನ್ನು ಅವನು ಒಂದು ಗಳಿಗೆ ತಡವಾಗಿ ನೋಡಿದ. ಪೆಟ್ಟಿಗೆ ಒಬ್ಬ ಮನುಷ್ಯನಿಂದ ಒಂದು ಮೊಳ ದೂರದಲ್ಲಿ ನಿಂತಿತು. ಯಾರೂ ಬರೆದುಕೊಳ್ಳಲಿಲ್ಲ, ಏನೂ ಆಗಿಲ್ಲವಲ್ಲ. ಅವನೇ ಬಂದು ಹೇಳಿದ. ಜಗಳ ಮಾಡಿ, ಬೈದು, ಅವನಿಂದ ಭಾನುವಾರದವರೆಗೆ ರಜೆ ಹಾಕಿಸಿದ್ದೇನೆ. ಕಾರಣ, ಬೆನ್ನುನೋವು. ಹುಡುಕಲು ಹೋಗಬೇಡಿ, ಈ ವಾರ ಬಂದರಿನಲ್ಲಿ ಹದಿನಾಲ್ಕು ಜನ ಬೆನ್ನುನೋವಿನ ರಜೆಯಲ್ಲಿದ್ದಾರೆ. ಅಷ್ಟೂ ಬೆನ್ನುಗಳನ್ನು ನೀವು ಒಮ್ಮೆ ಪರೀಕ್ಷಿಸಿದ್ದರೆ ನಿಮಗೇ ತಿಳಿಯುತ್ತಿತ್ತು.

ನನ್ನ ಸ್ಥಿತಿ ಈಗ ಏನಾಗಿದೆ ನೋಡಿ. ನಾನು ಆ ಹಾಳೆಗೆ ಸಹಿ ಹಾಕಿ ಮೇಲೆ ಹತ್ತಿದರೆ, ಮುಚ್ಚಿಟ್ಟವರೇ ಬದುಕುತ್ತಾರೆ ಎಂದು ಅವನಿಗೆ ಕಲಿಸಿದಂತೆ. ಹಾಕದೆ ಇಲ್ಲೇ ಕೂತರೆ, ಬಾಯಿ ಬಿಟ್ಟವರ ಗತಿ ಇದು ಎಂದು ದಿನಾ ಬೆಳಿಗ್ಗೆ ಅವನಿಗೆ ತೋರಿಸಿದಂತೆ. ಅವನ ಹೆಸರನ್ನು ನಿಮಗೆ ಹೇಳಿದರೆ ಅವನನ್ನು ನನ್ನ ಕೈಯಾರೆ ಈ ಕೋಣೆಗೆ ನೂಕಿದಂತೆ. ಹೇಳದೆ ಇದ್ದರೆ ಪೆಟ್ಟಿಗೆಯ ಕೆಳಗೆ ನಿಲ್ಲುವವರಿಗೆ ದ್ರೋಹ. ನಾನು ಯಾವ ದಾರಿ ಹಿಡಿದರೂ ಅವನು ವೈದ್ಯರ ಮೆಟ್ಟಿಲು ಹತ್ತುವುದಿಲ್ಲ. ನನ್ನೊಬ್ಬಳನ್ನೇ ಕಟ್ಟಿಹಾಕಿದ್ದೀರಿ ಎಂದುಕೊಂಡಿದ್ದೆ. ಈಗ ನೋಡಿದರೆ ಇಡೀ ಬಂದರನ್ನೇ ಕಟ್ಟಿಹಾಕಿದ್ದೀರಿ, ನೀವು ಮೆಟ್ಟಿಲು ಹತ್ತಿ ಮೇಲೆ ಹೋಗಿಬಿಟ್ಟಿದ್ದೀರಿ. ಕಾಯಿಲೆಯವರನ್ನು ಪರೀಕ್ಷಿಸದೆ ಕ್ರೇನು ಹತ್ತಿಸಿ ಎಂದು ನಾನು ಹೇಳುತ್ತಿಲ್ಲ. ನಾನು ಅಷ್ಟು ಎತ್ತರದಲ್ಲಿ ಕೂತವಳು, ನನಗೆ ನಿಮಗಿಂತ ಹೆಚ್ಚು ಭಯವಿದೆ. ನಿಜವಾಗಿ ಪರೀಕ್ಷಿಸಿ ಎಂದು ಹೇಳುತ್ತಿದ್ದೇನೆ.

ಆದ್ದರಿಂದ ಕೇಳಿ. ಹದಿನಾಲ್ಕನೇ ಕಾಲಮ್ಮನ್ನು ಹೊಡೆದುಹಾಕಿ. ಅದರ ಬದಲು ಒಬ್ಬ ವೈದ್ಯರು, ಬಾಗಿಲು ಮುಚ್ಚಿಕೊಂಡು, ಗುಮಾಸ್ತರಿಲ್ಲದೆ, ಒಬ್ಬೊಬ್ಬರನ್ನೇ ‘ಹೇಗಿದ್ದೀರಿ’ ಎಂದು ಕೇಳಲಿ. ಚಿಕಿತ್ಸೆ ಬೇಕಾದವರಿಗೆ ಅವರವರ ಕಾಯಿಲೆಯ ಹೆಸರಿನಲ್ಲೇ ರಜೆ ಕೊಡಿ. ಗುಣವಾದರೆಂದು ವೈದ್ಯರು ಬರೆದ ದಿನ ಅವರು ತಮ್ಮ ಕುರ್ಚಿಗೇ ವಾಪಸ್ಸು ಹೋಗುತ್ತಾರೆ, ಬೇರೆ ಯಾವ ಕೋಣೆಗೂ ಅಲ್ಲ, ಎಂದು ನಿಮ್ಮ ಹಸಿರು ಶಾಯಿಯಲ್ಲಿ ಬರೆದು, ಭಾನುವಾರ ಸಂಜೆಯೊಳಗೆ ನನ್ನ ಹಲಗೆಯ ಪಕ್ಕ ಅಂಟಿಸಿ. ಗೋಂದು ನನ್ನ ಬಳಿ ಇದೆ. ನನ್ನ ವಿಷಯ ಆಮೇಲೆ ನೋಡಿಕೊಳ್ಳೋಣ, ನಾನು ಜಗಳಗಂಟಿ, ಇನ್ನೂ ಒಂದು ವರ್ಷ ಬೇಕಾದರೂ ಇಲ್ಲಿ ಕೂತು ನಿಮ್ಮ ತಲೆ ತಿನ್ನುತ್ತೇನೆ. ಅವನಿಗೆ ಅಷ್ಟು ಸಮಯವಿಲ್ಲ. ನನಗೆ ಆ ಮೌನ ಗೊತ್ತು.

ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಅವನು ಬಂದು, ಎಲ್ಲರ ಹಾಗೆಯೇ ಸಾಲಿನಲ್ಲಿ ನಿಂತು, ನನ್ನ ಮುಂದೆ ಕೈ ಚಾಚುತ್ತಾನೆ. ಆ ಕೈಗೆ ನಾನು ಹೆಲ್ಮೆಟ್ ಕೊಡಲೋ, ಬೇಡವೋ? ಅದನ್ನು ನೀವೇ ಹೇಳಿ.

ಇಂತಿ,
ಗುಣವಾದದ್ದಕ್ಕೆ ಕ್ಷಮೆ ಕೇಳಲು ಒಪ್ಪದ,
ಸದ್ಯ ಮೆಟ್ಟಿಲ ಕೆಳಗಿರುವ ಒಬ್ಬ ಕ್ರೇನ್ ಚಾಲಕಿ